ಕಳೆ ಕೀಳಲು ಬಂದ ಚಿಕ್ಕಮ್ಮ

ಹಿತ್ತಿಲಿನ ಆ ಮೂಲೆಯಲ್ಲಿ ನಾನು ನೆಟ್ಟಿದ್ದಕ್ಕಿಂತ ಕೀಳದೆ ಬಿಟ್ಟಿದ್ದೇ ಜಾಸ್ತಿ. ತುಂಬೆ ತಾನಾಗಿ ಹುಟ್ಟಿತು. ಎಕ್ಕದ ಬೀಜ ಎಲ್ಲಿಂದಲೋ ಹಾರಿ ಬಂದು ಬಿತ್ತು. ಕೇಪಳ ಮಾತ್ರ ನಾನೇ ತಂದು ನೆಟ್ಟಿದ್ದು. ಜೇನು, ದುಂಬಿ, ಚಿಟ್ಟೆಗಳಿಗೂ ಒಂದಿಷ್ಟು ಜಾಗ ಇರಲಿ ಅಂತ ಶುರು ಮಾಡಿದ ಕೆಲಸ ಇದು. ನೋಡಿದವರಿಗೆ ಸೋಮಾರಿತನ ಅನಿಸುತ್ತದೆ, ಏನು ಮಾಡೋದು!

ಮೊನ್ನೆ ಚಿಕ್ಕಮ್ಮ ಬಂದವರೇ ಸೆರಗು ಸಿಕ್ಕಿಸಿಕೊಂಡು ಕುಡುಗೋಲು ಕೇಳಿದರು. "ಏನೇ ಇದು, ಹಿಂಗೆ ಕಾಡು ಬೆಳೆಸಿದ್ದೀಯ?" ನಾನು ಕುರ್ಚಿ ತಂದು ಹಾಕಿದೆ. "ಸ್ವಲ್ಪ ಹೊತ್ತು ಕೂತ್ಕೊಳ್ಳಿ, ಆಮೇಲೆ ಕೀಳೋಣ."

ಬಿಸಿಲು ಏರುತ್ತಿದ್ದಂತೆ ತುಂಬೆಯ ಹತ್ತಿರ ಝೇಂಕಾರ ಶುರುವಾಯಿತು. ಹೊಟ್ಟೆಯ ಮೇಲೆ ಹೊಳೆಯುವ ನೀಲಿ ಪಟ್ಟಿಗಳಿರುವ ಜೇನು. ಒಂದು ಕಡೆ ನಿಲ್ಲುವ ಜೀವವಲ್ಲ ಅದು. ತುಂಬೆ ಹೂವಿಗೆ ಕೆಳಗೊಂದು ಅಗಲವಾದ ತುಟಿ, ಮೇಲೊಂದು ರೋಮದ ಟೋಪಿ. ಪರಾಗ ಇರುವುದು ಟೋಪಿಯೊಳಗೆ. ಜೇನು ತುಟಿಯ ಮೇಲೆ ಕಾಲೂರಿ ಮಕರಂದಕ್ಕೆ ಬಗ್ಗಿದರೆ ಪರಾಗ ನೇರವಾಗಿ ಅದರ ತಲೆಗೆ ಮೆತ್ತುತ್ತದೆ. ಚಿಕ್ಕಮ್ಮ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು.

ಅದೇ ಜಾತಿಯ ಇನ್ನೊಂದು ಜೇನು ಗೋಡೆ ಬುಡದ ಬರೀ ಮಣ್ಣಿನ ತೂತಿನೊಳಗೆ ನುಗ್ಗಿತು. ಇದು ಗುಂಪಾಗಿ ಹುಟ್ಟು ಕಟ್ಟುವ ಜೇನಲ್ಲ. ಹೆಣ್ಣು ತಾನೊಬ್ಬಳೇ ಮಣ್ಣು ಕೊರೆದು, ಪರಾಗ ತುಂಬಿಟ್ಟು, ಮೊಟ್ಟೆ ಇಡುತ್ತಾಳೆ. ಜಗತ್ತಿನಲ್ಲಿ 20,000ಕ್ಕೂ ಹೆಚ್ಚು ಜಾತಿಯ ಜೇನುಗಳಿವೆ. ಅವುಗಳಲ್ಲಿ ಬಹುಪಾಲು ಹೀಗೆ ನೆಲದೊಳಗೆ ಸಂಸಾರ ಹೂಡುವಂಥವು. ಹಿತ್ತಿಲಿಗೆಲ್ಲ ಸಿಮೆಂಟು ಬಳಿದು ಹೂಕುಂಡ ಸಾಲಾಗಿಟ್ಟರೆ ಅವಕ್ಕೆ ಊಟ ಸಿಗಬಹುದು, ಮನೆ ಸಿಗಲ್ಲ. ಆ ಊಟವಾದರೂ ಎಷ್ಟು? ಎಸಳಿನ ಮೇಲೆ ಎಸಳು ಬರುವ ಸುತ್ತು ಹೂಗಳಲ್ಲಿ ಕೇಸರಗಳೇ ಎಸಳಾಗಿರುತ್ತವೆ, ಪರಾಗ ಎಲ್ಲಿಂದ ಬರಬೇಕು? ನನಗಂತೂ ಅವು ಸುಮ್ನೆ ಶೋಕಿ ಅನಿಸುತ್ತದೆ.

ಎಕ್ಕದ ಹತ್ತಿರ ಹೋದಾಗ ಚಿಕ್ಕಮ್ಮ ಹೌಹಾರಿದರು. "ಅಯ್ಯೋ, ಹುಳ! ಔಷಧಿ ಹೊಡೀಬಾರ್ದಾ?" ಕಪ್ಪು, ಬಿಳಿ, ಹಳದಿ ಪಟ್ಟೆಯ ಮರಿಹುಳ ಎಲೆಯ ಅಂಚಿನಿಂದ ಆರಾಮಾಗಿ ತಿನ್ನುತ್ತಿತ್ತು. ಎಕ್ಕದ ಹಾಲು ವಿಷ. ಅದನ್ನೇ ತಿಂದು ಬೆಳೆಯುವುದರಿಂದ ಹಕ್ಕಿಗಳು ಈ ಹುಳವನ್ನು ಮುಟ್ಟಲು ಹಿಂಜರಿಯುತ್ತವೆ. ಮುಂದೆ ಕಿತ್ತಳೆ ಬಣ್ಣದ ಚಿಟ್ಟೆಯಾಗುವುದು ಇದೇ. ಎಲೆ ತೂತಾಗಬಾರದು ಅನ್ನುವವರು ಚಿಟ್ಟೆಯ ಆಸೆ ಬಿಡಬೇಕು, ಅಲ್ವಾ? ಮೇಲಿನ ಹೂವಿಗೆ ಹೆಬ್ಬೆರಳು ಗಾತ್ರದ ಕರೀ ದುಂಬಿ ಬಂತು. ಎಕ್ಕದ ಪರಾಗ ಪುಡಿಯಾಗಿರುವುದಿಲ್ಲ. ಪುಟ್ಟ ಗಂಟಾಗಿ ಕೀಟದ ಮೈಗೆ ಕಚ್ಚಿಕೊಂಡು ಮುಂದಿನ ಹೂವಿಗೆ ಹೋಗುತ್ತದೆ. ಈ ದುಂಬಿ ಗೂಡು ಕೊರೆಯಲೆಂದೇ ಒಣಗಿದ ದಿಮ್ಮಿಯೊಂದನ್ನು ಅಲ್ಲೇ ಒರಗಿಸಿಟ್ಟಿದ್ದೇನೆ.

ಚಿಕ್ಕಮ್ಮನ ಕೈ ಸುಮ್ಮನಿರಲೇ ಇಲ್ಲ. ಬೇಲಿಯ ಪಕ್ಕ ಅಮೆರಿಕ ಖಂಡದಿಂದ ಬಂದ ಕಾಂಗ್ರೆಸ್ ಗಿಡ ಎದ್ದಿತ್ತು. ಕೈಗವಸು ಕೊಟ್ಟೆ. ಹೂ ಬಿಡುವ ಮೊದಲೇ ಬೇರುಸಮೇತ ಅಷ್ಟನ್ನೂ ಕಿತ್ತರು. ತುಂಬೆ ಉಳಿಯಿತು. ಎಕ್ಕದ ಬಗ್ಗೆ ಮಾತ್ರ ಅವರಿಗೆ ಇನ್ನೂ ಸಮಾಧಾನವಿಲ್ಲ.

ಈಗ ನನ್ನ ಚಿಂತೆ ಬೇಸಿಗೆಯದು. ತುಂಬೆ ಒಣಗಿದ ಮೇಲೆ ಈ ಮೂಲೆಯಲ್ಲಿ ಹೂವೇ ಕಡಿಮೆ. ಆ ಹೊತ್ತಿಗೆ ಅರಳಲಿ ಅಂತ ಬೇಲಿ ಬದಿಗೆ ಒಂದು ಹೊಂಗೆ ಸಸಿ ನೆಟ್ಟಿದ್ದೇನೆ. ಅದು ಹೂ ಬಿಡಲು ಇನ್ನೂ ಕೆಲವು ವರ್ಷ ಬೇಕು.