ಬೀಗ ಹಾಕಿದ ತಾಂಡಾ, ಬಾಗಿಲಿಲ್ಲದ ಬೀದಿ

ಹೋದ ವರ್ಷ ಫೆಬ್ರವರಿಯ ಒಂದು ಬೆಳಿಗ್ಗೆ ಹುಬ್ಬಳ್ಳಿಯಿಂದ ಬಸ್ಸು ಹಿಡಿದು, ಅಣ್ಣಿಗೇರಿ, ಗದಗ, ಡಂಬಳಗಳನ್ನು ದಾಟಿ ಮುಂಡರಗಿ ತಾಲ್ಲೂಕಿನ ಒಂದು ಲಂಬಾಣಿ ತಾಂಡಾ ತಲುಪುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಅಲ್ಲಿಯ ಶಾಲೆಯಲ್ಲಿ ಮಾಸ್ತರರಾಗಿರುವ ಗೆಳೆಯರು ನನ್ನನ್ನು ಕರೆಸಿಕೊಂಡಿದ್ದರು. ಓಣಿಯಲ್ಲಿ ನಡೆಯುತ್ತ ಹೋದಂತೆ ಅರ್ಧಕ್ಕಿಂತ ಹೆಚ್ಚು ಬಾಗಿಲುಗಳಿಗೆ ಬೀಗ ಬಿದ್ದಿರುವುದು ಕಂಡಿತು. ದೀಪಾವಳಿ ಮುಗಿದೊಡನೆ ದುಡಿಯುವವರೆಲ್ಲ ಗೋವೆಗೆ, ಮಂಗಳೂರಿಗೆ ಗುಳೆ ಹೋಗಿದ್ದರು.

ಅದಕ್ಕೂ ಕೆಲವು ತಿಂಗಳ ಮೊದಲು, ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಲಾಸ್ ಏಂಜಲಿಸ್ ನಗರದ ಸ್ಕಿಡ್ ರೋ ಎಂಬಲ್ಲಿ ಒಂದು ಮಧ್ಯಾಹ್ನ ನಡೆದಾಡಿದ್ದೆ. ಗಾಜಿನ ಕಟ್ಟಡಗಳಿಂದ ಕೂಗಳತೆಯಲ್ಲಿ, ಕಾಲುದಾರಿಯ ಉದ್ದಕ್ಕೂ ಡೇರೆಗಳು, ರಟ್ಟಿನ ಹಾಸಿಗೆಗಳು, ಅಂಗಡಿಯ ತಳ್ಳುಬಂಡಿಯಲ್ಲಿ ತುಂಬಿಟ್ಟ ಇಡೀ ಸಂಸಾರ. 2024ರ ಜನವರಿಯ ಒಂದು ರಾತ್ರಿಯ ಎಣಿಕೆಯಲ್ಲಿ ಆ ದೇಶದಲ್ಲಿ ಮನೆಯಿಲ್ಲದವರು 7,71,000ಕ್ಕೂ ಹೆಚ್ಚು. ಅವರಲ್ಲಿ ಹಗಲು ಕೆಲಸಕ್ಕೆ ಹೋಗಿ ರಾತ್ರಿ ಕಾರಿನಲ್ಲಿ ಮಲಗುವವರೂ ಇದ್ದಾರೆ.

ಅಂಕಿಗಳನ್ನಷ್ಟೇ ನೋಡಿದರೆ ಇವೆರಡನ್ನು ಹೋಲಿಸುವುದೇ ತಪ್ಪೆನಿಸುತ್ತದೆ. ಅಮೆರಿಕದಲ್ಲಿ 2024ರಲ್ಲಿ ಒಂಟಿ ವ್ಯಕ್ತಿಯ ಬಡತನದ ಮಿತಿ ವರ್ಷಕ್ಕೆ 15,060 ಡಾಲರ್, ಅಂದರೆ ದಿನಕ್ಕೆ ಸುಮಾರು 41 ಡಾಲರ್. ಕಡುಬಡತನಕ್ಕೆ ವಿಶ್ವಬ್ಯಾಂಕು 2025ರಲ್ಲಿ ಗೊತ್ತುಪಡಿಸಿದ ರೇಖೆ, ದೇಶ ದೇಶಗಳ ಬೆಲೆಯ ಅಂತರವನ್ನು ಸರಿದೂಗಿಸಿದ ಮೇಲೆಯೂ, ದಿನಕ್ಕೆ 3 ಡಾಲರ್. ಆದರೆ ಅಮೆರಿಕದ ಮಿತಿಯನ್ನು 1960ರ ದಶಕದ ಆರಂಭದಲ್ಲಿ ರೂಪಿಸಿದ ಮಾಲಿ ಆರ್ಶಾನ್‌ಸ್ಕಿ ಅವರು ಕುಟುಂಬದ ಕನಿಷ್ಠ ಊಟದ ಖರ್ಚನ್ನು ಮೂರರಿಂದ ಗುಣಿಸಿದ್ದರು, ಏಕೆಂದರೆ ಆಗಿನ ಕುಟುಂಬಗಳು ಆದಾಯದ ಮೂರನೆಯ ಒಂದು ಭಾಗವನ್ನು ಊಟಕ್ಕೆ ವ್ಯಯಿಸುತ್ತಿದ್ದವು. ನಮ್ಮಲ್ಲಿಯೂ 1979ರಲ್ಲಿ ಬಡತನದ ರೇಖೆಗೆ ಒಬ್ಬರಿಗೆ ದಿನಕ್ಕೆ ಹಳ್ಳಿಯಲ್ಲಿ 2,400, ಪಟ್ಟಣದಲ್ಲಿ 2,100 ಕ್ಯಾಲೊರಿ ಎಂದು ತಟ್ಟೆಯಿಂದಲೇ ಲೆಕ್ಕ ಹಿಡಿಯಲಾಯಿತು. ಅಲ್ಲಿ ಇಂದು ಬಡವನನ್ನು ಬೀದಿಗೆ ತಳ್ಳುವುದು ಊಟದ ಬೆಲೆಗಿಂತ ಹೆಚ್ಚಾಗಿ ಮನೆಯ ಬಾಡಿಗೆ ಎಂಬುದನ್ನು ಆ ಗುಣಾಕಾರ ಹೇಳಲಾರದು.

ತಾಂಡಾದಲ್ಲಿ ಮನೆಯುಂಟು, ಆರು ತಿಂಗಳು ಕೆಲಸವಿಲ್ಲ. ನಮ್ಮ ಬಡವರಿಗೆ ಬಂಧುಬಳಗದ ಆಸರೆಯಿದೆ ಎಂದು ಹೇಳಿ ಸಮಾಧಾನಪಡುವವರನ್ನು ನಾನು ಒಪ್ಪಲಾರೆ. ಗುಳೆ ಹೋದವರು ಕಟ್ಟಡಗಳ ಬುಡದಲ್ಲಿ ತಾಡಪತ್ರಿ ಹೊದಿಸಿದ ಗುಡಿಸಿಲಿನಲ್ಲಿಯೇ ಮಲಗುತ್ತಾರೆ. ತಂದೆತಾಯಿಯ ಬೆನ್ನುಹತ್ತಿ ಹೋದ ಮಕ್ಕಳ ಹೆಸರುಗಳ ಮುಂದೆ ಮಾಸ್ತರರ ಹಾಜರಿ ಪುಸ್ತಕದಲ್ಲಿ ತಿಂಗಳುಗಟ್ಟಲೆ ಗೈರುಹಾಜರಿಯ ಗುರುತುಗಳಿದ್ದವು. ಆ ಪುಟಗಳನ್ನು ನೋಡಿದ ಮೇಲೆ ನನಗೆ ಊಟ ಸೇರಲಿಲ್ಲ.

ಮಧ್ಯಾಹ್ನ ಒಬ್ಬ ಮುದುಕಿಯ ಕಟ್ಟೆಯ ಮೇಲೆ ಕುಳಿತೆವು. ಮೂವರು ಮೊಮ್ಮಕ್ಕಳನ್ನೂ ಐದು ಮನೆಗಳ ಕೀಲಿಗಳನ್ನೂ ಅವರೇ ಕಾಯುತ್ತಿದ್ದರು. ಹೋಳಿ ಹುಣ್ಣಿವೆಗೆ ಎಲ್ಲರೂ ಬರುತ್ತಾರೆ, ಅದಕ್ಕೆ ಮುಂಚೆ ಕಸ ಹೊಡೆದು ಸಾರಿಸಿಡಬೇಕು ಎಂದರು. ನಾನು ಲಾಸ್ ಏಂಜಲಿಸಿನ ಡೇರೆಗಳ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು.

"ಇವರೂ ಗುಳೆ ಬಂದಾರೇನ್ರೀ? ಹಬ್ಬಕ್ಕ ತಮ್ಮ ಊರಿಗೆ ಹೋಗೂದಿಲ್ಲೇನು?"

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಜ್ಞರು 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಲಾಸ್ ಏಂಜಲಿಸ್ ಇರುವ ಆ ರಾಜ್ಯದಲ್ಲಿ ಮನೆಯಿಲ್ಲದೆ ಇರುವ ಹತ್ತರಲ್ಲಿ ಒಂಬತ್ತು ಮಂದಿ ಅಲ್ಲಿಯೇ ಬಾಳಿ, ಅಲ್ಲಿಯೇ ಮನೆ ಕಳೆದುಕೊಂಡವರು. ಮುಕ್ಕಾಲು ಪಾಲು ಜನ ಮನೆ ಕಳೆದುಕೊಂಡ ಜಿಲ್ಲೆಯಲ್ಲಿಯೇ ಉಳಿದಿದ್ದಾರೆ.

"ಅವರ ಊರು ಅದ ಐತಿ, ಆಯಿ" ಎಂದೆ.

ಅವರು ಮೊಬೈಲನ್ನು ನನ್ನ ಕೈಗೆ ಮರಳಿಸಿ, ಕೀಲಿಗಳ ಗೊಂಚಲನ್ನು ಸೆರಗಿನ ತುದಿಗೆ ಮತ್ತೆ ಗಂಟು ಹಾಕಿಕೊಂಡರು.