ತೆರೆದ ಲೇಸರ್ ಯಂತ್ರಕ್ಕೊಂದು ಪೆಟ್ಟಿಗೆ: ಆರು ವಾರಗಳ ಟಿಪ್ಪಣಿ

ಹಿಂದಿನ ಟಿಪ್ಪಣಿ ಬರೆಯುವ ಹೊತ್ತಿಗೆ ಯಂತ್ರದ ಜೋಡಣೆ ಮುಗಿದು, ಪ್ಲೈವುಡ್ ತುಂಡೊಂದರ ಮೇಲೆ ಮನೆಯ ಹೆಸರನ್ನು ಕೆತ್ತಿಯಾಗಿತ್ತು. ಅಲ್ಲಿಂದೀಚೆಗೆ ನಾನು ಕೆತ್ತಿದ್ದು ಕಡಿಮೆ, ಯಂತ್ರದ ಸುತ್ತ ಕಟ್ಟಿದ್ದೇ ಹೆಚ್ಚು. ಅದಕ್ಕೆ ಕಾರಣ ಒಂದು ಸ್ಟೀಲ್ ಲೋಟ.

ಹೊಸ ಪಾತ್ರೆ ತಂದರೆ ಅಂಗಡಿಯಲ್ಲೇ ಹೆಸರು ಹಾಕಿಸಿಕೊಂಡು ಬರುವ ಅಮ್ಮ, ಮನೆಯಲ್ಲೇ ಯಂತ್ರವಿರುವಾಗ ಹೊರಗೆ ಕೊಡುವುದೇಕೆಂದು ಲೋಟವನ್ನು ನನ್ನ ಮೇಜಿನ ಮೇಲೆ ತಂದಿಟ್ಟರು. ನನ್ನದು 455 ನ್ಯಾನೊಮೀಟರ್ ತರಂಗಾಂತರದ, 10 ವ್ಯಾಟ್ ಬೆಳಕು ಹೊಮ್ಮಿಸುವ ಡಯೋಡ್ ಲೇಸರ್. ಚೌಕಟ್ಟು ಪೂರ್ತಿ ತೆರೆದದ್ದು. ಲೋಟವನ್ನು ಅಡ್ಡಲಾಗಿ ಮಲಗಿಸಿ, ಅತಿ ಕಡಿಮೆ ಶಕ್ತಿಯಲ್ಲಿ ಒಂದು ಸುತ್ತು ಓಡಿಸಿದೆ. ರಕ್ಷಣಾ ಕನ್ನಡಕ ಹಾಕಿದ್ದ ನನಗೆ ವಿಶೇಷವೇನೂ ಕಾಣಲಿಲ್ಲ. ಆದರೆ ಮೂಲೆಯಲ್ಲಿಟ್ಟಿದ್ದ ಫೋನಿನ ವಿಡಿಯೊವನ್ನು ಆಮೇಲೆ ನೋಡಿದಾಗ, ಲೋಟದ ಉಬ್ಬಿನಿಂದ ಚಿಮ್ಮಿದ ನೀಲಿ ಗೆರೆಗಳು ಗೋಡೆ, ಸೂರು, ಕೊನೆಗೆ ಬಾಗಿಲ ಪರದೆಯ ಮೇಲೂ ಹರಿದಾಡಿದ್ದು ಕಂಡಿತು. ಕನ್ನಡಕ ನನ್ನ ಕಣ್ಣನ್ನಷ್ಟೇ ಕಾಯುತ್ತಿತ್ತು. ಅಮ್ಮ ಆ ಬಾಗಿಲಲ್ಲೇ ನಿಂತಿದ್ದರು.

ಅರ್ಧ ವ್ಯಾಟ್ ದಾಟಿದ ಲೇಸರ್‌ಗಳೆಲ್ಲ ಅತಿ ಅಪಾಯಕಾರಿಯಾದ ನಾಲ್ಕನೆಯ ದರ್ಜೆಗೆ ಸೇರುತ್ತವೆ. ನೀಲಿ ಬೆಳಕು ಕಣ್ಣಿನ ಪಾರದರ್ಶಕ ಭಾಗಗಳನ್ನೆಲ್ಲ ಸಲೀಸಾಗಿ ದಾಟಿ ಅಕ್ಷಿಪಟಲದ ಮೇಲೆ ಚುಕ್ಕೆಯಾಗಿ ಕೂಡುತ್ತದೆ. ರೆಪ್ಪೆ ತಾನಾಗಿ ಮುಚ್ಚಿಕೊಳ್ಳಲು ಬೇಕಾಗುವ ಕಾಲು ಸೆಕೆಂಡಿನಲ್ಲಿ ಕಣ್ಣು ಉಳಿಯುವುದು ಒಂದು ಮಿಲಿವ್ಯಾಟ್‌ನಷ್ಟು ಬೆಳಕಿಗೆ. ನನ್ನ ಯಂತ್ರದ್ದು ಅದರ ಹತ್ತು ಸಾವಿರ ಪಟ್ಟು. ಕನ್ನಡಕದ ಬಣ್ಣವನ್ನಷ್ಟೇ ನೋಡಿ ಸಮಾಧಾನಪಡುವಂತಿಲ್ಲ, ಯಾವ ತರಂಗಾಂತರಕ್ಕೆ ಎಷ್ಟು ತಡೆ ಎಂಬ ಓಡಿ (ಆಪ್ಟಿಕಲ್ ಡೆನ್ಸಿಟಿ) ಅಂಕಿಯನ್ನು ಅದರ ಮೇಲೆ ಮುದ್ರಿಸಿರಬೇಕು. ಓಡಿ 5 ಎಂದರೆ ಲಕ್ಷದಲ್ಲಿ ಒಂದು ಭಾಗ ಬೆಳಕು ಮಾತ್ರ ದಾಟುತ್ತದೆ. ಯಂತ್ರದೊಂದಿಗೆ ಬಂದ ಕನ್ನಡಕದ ಮೇಲೆ ಏನೂ ಮುದ್ರಿಸಿರಲಿಲ್ಲವಾದ್ದರಿಂದ ಅದನ್ನು ಬದಿಗಿಟ್ಟು ಬೇರೆಯದನ್ನು ತರಿಸಿಕೊಂಡೆ.

ಪೆಟ್ಟಿಗೆಯನ್ನು ಜಿಐ ತಗಡಿನಿಂದ ಮಾಡಿ, ಒಳಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದೆ. ಪರಿಚಯದವರೊಬ್ಬರ ಸಿಒ2 (ಇಂಗಾಲದ ಡೈಆಕ್ಸೈಡ್ ಅನಿಲದ) ಲೇಸರ್ ಯಂತ್ರಕ್ಕೆ ಬಣ್ಣವಿಲ್ಲದ ಅಕ್ರಿಲಿಕ್ ಮುಚ್ಚಳವಿದೆ, ಅದರ 10.6 ಮೈಕ್ರೊಮೀಟರ್ ಕಿರಣವನ್ನು ಅಕ್ರಿಲಿಕ್ ಹೀರಿಕೊಳ್ಳುತ್ತದೆ. ಅದನ್ನು ನೋಡಿಕೊಂಡು ನಾನೂ ಹಾಗೆಯೇ ಮಾಡಿದ್ದರೆ ನೀಲಿ ಕಿರಣ ಕಿಟಕಿ ಗಾಜಿನಲ್ಲಿ ಬಿಸಿಲು ಹಾಯುವಂತೆ ಹಾಯುತ್ತಿತ್ತು. ಹೀಗಾಗಿ ಕಿಟಕಿಯೇ ಬೇಡವೆಂದು ಒಳಗೊಂದು ವೆಬ್‌ಕ್ಯಾಮೆರಾ ಕೂರಿಸಿದೆ. ಮುಚ್ಚಳ ತೆರೆದೊಡನೆ ಲೇಸರ್ ಆರುವಂತೆ ಮೈಕ್ರೊಸ್ವಿಚ್ ಹಾಕಿದ್ದೇನೆ, ಮತ್ತು ಅದು ಬರಿಯ ಸಂಕೇತದ ತಂತಿಯನ್ನಲ್ಲದೆ ಲೇಸರ್ ತಲೆಗೆ ಹೋಗುವ ವಿದ್ಯುತ್ತನ್ನೇ ಕಡಿಯುತ್ತದೆ.

ಹೊಗೆಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ನಾಲ್ಕು ಇಂಚಿನ ಕೊಳವೆ, ಅದರಲ್ಲೊಂದು ಫ್ಯಾನು, ಹೊರತುದಿ ಹಿತ್ತಲಿಗೆ. ಊದುಬತ್ತಿ ಹಚ್ಚಿ ಪೆಟ್ಟಿಗೆಯ ಪ್ರತಿ ಸಂದಿನ ಬಳಿ ಹಿಡಿದರೆ ಅದರ ಹೊಗೆ ಒಳಕ್ಕೆ ಎಳೆದುಕೊಳ್ಳಬೇಕು. ಒಂದು ಮೂಲೆಯಲ್ಲಿ ಮಾತ್ರ ಅದು ಅಲುಗದೆ ನಿಂತಿತು, ಅಲ್ಲಿ ಕೀಲು ಸಡಿಲವಾಗಿತ್ತು.

ಮೂರನೆಯ ವಾರ ಬೆಂಕಿ ಹತ್ತಿತು, ಮತ್ತು ತಪ್ಪು ಪೂರ್ತಿ ನನ್ನದೇ. ಪೆಟ್ಟಿಗೆಗೆ ಇನ್ನೂ ಮುಚ್ಚಳ ಕೂಡಿಸಿರಲಿಲ್ಲ. ಪೊಳ್ಳು ಪದರದ ರಟ್ಟಿನಲ್ಲಿ ಅಕ್ಷರ ಕತ್ತರಿಸಲು ಬಿಟ್ಟು, ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗಿ ಒಳಗೆ ಹೋಗಿ ಬರುವಷ್ಟರಲ್ಲಿ, ‘ಠ’ ಅಕ್ಷರದ ಅಂಚಿನಲ್ಲಿ ದೀಪದ ಕುಡಿಯಷ್ಟು ಉರಿ ನಿಂತಿತ್ತು. ಸ್ವಿಚ್ ಆರಿಸಿ ಒದ್ದೆ ಬಟ್ಟೆ ಹಾಕಿದ್ದಕ್ಕೆ ಮುಗಿಯಿತು. ಆ ಅಕ್ಷರದಲ್ಲೇ ಹತ್ತಿದ್ದೇಕೆಂದು ಹುಡುಕಿದಾಗ ಸಿಕ್ಕ ಕಾರಣ ಸ್ವಾರಸ್ಯಕರವಾಗಿದೆ: ಯಂತ್ರದ ತಲೆ ತಿರುವುಗಳಲ್ಲಿ ನಿಧಾನವಾಗುತ್ತದೆ, ಕನ್ನಡದ ಅಕ್ಷರಗಳೋ ತಿರುವುಗಳಿಂದಲೇ ಆದವು, ಮತ್ತು ಲೇಸರ್ ಹೊತ್ತಿಸಲು ನಾನು ಬಳಸಿದ್ದ ಎಂ3 ಎಂಬ ಆದೇಶದಲ್ಲಿ ವೇಗ ಇಳಿದರೂ ಲೇಸರಿನ ಶಕ್ತಿ ಇಳಿಯುವುದಿಲ್ಲ. ಯಂತ್ರವನ್ನು ನಡೆಸುವ ತಂತ್ರಾಂಶವಾದ ಜಿಆರ್‌ಬಿಎಲ್‌ನಲ್ಲಿ $32=1 ಮಾಡಿ (ಅಂದರೆ ಲೇಸರ್ ವಿಧಾನಕ್ಕೆ ಹಾಕಿ) ಎಂ4 ಆದೇಶ ಬಳಸಿದರೆ ವೇಗಕ್ಕೆ ತಕ್ಕಂತೆ ಶಕ್ತಿಯೂ ತಗ್ಗುತ್ತದೆ; ಚಲನೆ ನಿಂತರೆ ಲೇಸರ್ ತಾನಾಗಿ ಆರುತ್ತದೆ. ಈಗ ಎಲ್ಲ ಕಡತಗಳನ್ನೂ ಎಂ4ಕ್ಕೆ ಬದಲಿಸಿದ್ದೇನೆ, ಹಾಲು ಕಾಯಿಸುವ ಹೊತ್ತಿನಲ್ಲಿ ಯಂತ್ರ ಓಡಿಸುವುದಿಲ್ಲ. ಬಾಗಿಲ ಪಕ್ಕದಲ್ಲಿ ಸಿಒ2 ಅಗ್ನಿಶಾಮಕವಿದೆ. ಪುಡಿಯದ್ದೂ ಬೆಂಕಿಯನ್ನು ನಂದಿಸುತ್ತದಾದರೂ ಆ ಪುಡಿ ಮಸೂರ, ಹಳಿಗಳಲ್ಲೆಲ್ಲ ಸೇರಿ ಯಂತ್ರವನ್ನು ಕೆಡಿಸುತ್ತದೆ. ಕರೆಂಟು ಹೋದಾಗ ಲೇಸರಿನೊಂದಿಗೆ ಫ್ಯಾನೂ ನಿಲ್ಲುವುದರಿಂದ, ಮುಚ್ಚಳ ತೆರೆದು ಒಳಗೆ ಕೆಂಡವಿಲ್ಲವೆಂದು ನೋಡಿಯೇ ಆಚೆ ಬರುತ್ತೇನೆ.

ಪಕ್ಕದ ಮನೆಯವರು ರೆಕ್ಸಿನ್ ಪರ್ಸಿನ ಮೇಲೆ ಹೆಸರು ಕೇಳಿದರು. ರೆಕ್ಸಿನ್ ಬಹುಪಾಲು ಪಿವಿಸಿ. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಬಂದು ಶ್ವಾಸಕೋಶಕ್ಕೂ ಯಂತ್ರದ ಹಳಿಗೂ ಒಟ್ಟಿಗೇ ಹಾನಿ. ಹಿತ್ತಲಿನಲ್ಲಿ ತಾಮ್ರದ ತಂತಿಯನ್ನು ಕಾಯಿಸಿ, ಪರ್ಸಿನ ಒಳ ಅಂಚಿಗೆ ಒತ್ತಿ, ಮತ್ತೆ ಜ್ವಾಲೆಗೆ ಹಿಡಿದಾಗ ಜ್ವಾಲೆ ಹಸಿರಾಯಿತು. ಕ್ಲೋರಿನ್ ಇರುವುದಕ್ಕೆ ಅದೇ ಗುರುತು. ಅವರಿಗೆ ಮರದ ಕೀಲಿಗೊಂಚಲು ಮಾಡಿಕೊಟ್ಟೆ.

ಕಳೆದ ಭಾನುವಾರ ಲೋಟವನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಹೆಸರು ಕೆತ್ತಿದೆ. ಒತ್ತಕ್ಷರವೊಂದು ಸ್ವಲ್ಪ ದಪ್ಪವಾಗಿದೆ. ಫೋನನ್ನು ಅದೇ ಮೂಲೆಯಲ್ಲಿ, ದೀಪ ಆರಿಸಿ ಇಟ್ಟಿದ್ದೆ. ವಿಡಿಯೊದಲ್ಲಿ ಕೀಲಿನ ಬದಿಯಲ್ಲಿ ಕೂದಲೆಳೆಯಷ್ಟು ನೀಲಿ ಗೆರೆ ಕಂಡಿತು. ಅಲ್ಲಿಗೆ ತಗಡಿನ ಪಟ್ಟಿಯೊಂದನ್ನು ರಿವೆಟ್ ಮಾಡಿದ ಮೇಲೆ ತೆಗೆದ ಎರಡನೆಯ ವಿಡಿಯೊ ಏಳು ನಿಮಿಷದ ಬರೀ ಕತ್ತಲೆ.