ಚೆಂಡು ಎಸೆಯುವವನ ಸಂಬಳ

ನಾಕ್ಸ್‌ವಿಲ್, 14 ನವೆಂಬರ್ 2025, ಶುಕ್ರವಾರ

ಊರಲ್ಲಿ ಇನ್ನೂ ಅದೇ ಮಾತು. ಅಮೆರಿಕದ ನಮ್ಮೂರಿನ ಟೆನೆಸ್ಸೀ ವಿಶ್ವವಿದ್ಯಾಲಯದ ಬೇಸ್‌ಬಾಲ್ ಹೆಡ್ ಕೋಚ್ ಟೋನಿ ವಿಟೆಲ್ಲೊ ಕಳೆದ ತಿಂಗಳು ವೃತ್ತಿಪರ ತಂಡವಾದ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ನ ಮ್ಯಾನೇಜರ್, ಅಂದರೆ ಮುಖ್ಯ ಕೋಚ್, ಆಗಿ ಹೊರಟುಬಿಟ್ಟರು. ವೃತ್ತಿಪರ ತಂಡದಲ್ಲಿ ಒಂದು ದಿನವೂ ಆಡದ, ಕೋಚಿಂಗ್ ಮಾಡದ ಮನುಷ್ಯ ಕಾಲೇಜಿನಿಂದ ಸೀದಾ ಆ ಕುರ್ಚಿಗೆ! ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಅವರೇ. ನನಗೆ ಮಾತ್ರ ಅವರ ಜಾಗಕ್ಕೆ ಬಂದ ಜಾಶ್ ಎಲಾಂಡರ್ ಕಥೆಯೇ ಜಾಸ್ತಿ ಹಿಡಿಸಿದೆ.

ಎಲಾಂಡರ್ ಇಷ್ಟು ವರ್ಷ ಇಲ್ಲಿ ಹಿಟ್ಟಿಂಗ್ ಕೋಚ್, ಅಂದರೆ ಬ್ಯಾಟಿಂಗ್ ಕಲಿಸುವವರು. ಅವರು ಟಿಸಿಯು (ಟೆಕ್ಸಸ್ ಕ್ರಿಶ್ಚಿಯನ್ ಯೂನಿವರ್ಸಿಟಿ) ತಂಡದಲ್ಲಿ ಆಡುತ್ತಿದ್ದಾಗ ವಿಟೆಲ್ಲೊ ಅಲ್ಲಿ ಸಹಾಯಕ ಕೋಚ್. 2012ರಲ್ಲಿ ಅಟ್ಲಾಂಟಾ ಬ್ರೇವ್ಸ್ ಎಂಬ ವೃತ್ತಿಪರ ತಂಡ ಎಲಾಂಡರ್‌ರನ್ನು ಆರಿಸಿಕೊಂಡಿತು. ಆದರೆ ಅತಿ ಮೇಲಿನ ಹಂತವಾದ ಮೇಜರ್ ಲೀಗ್ ತನಕ ಏರಲಿಲ್ಲ. ಆಟ ಬಿಟ್ಟ ಮೇಲೆ 2017ರಲ್ಲಿ ಆರ್ಕನ್ಸಾ ವಿಶ್ವವಿದ್ಯಾಲಯದಲ್ಲಿ ವಾಲಂಟಿಯರ್ ಕೋಚ್. ವಾಲಂಟಿಯರ್ ಅಂದರೆ ಹೆಸರಿಗಲ್ಲ, ನಿಜವಾಗಿಯೂ ಬಿಟ್ಟಿ ಕೆಲಸ.

ಇದು ನನಗೆ ಗೊತ್ತಾಗಿದ್ದು ನಮ್ಮ ಬೀದಿಯ ಹುಡುಗನಿಂದ. ಅವನೂ ಒಂದು ಸಣ್ಣ ಕಾಲೇಜಿನಲ್ಲಿ ಹಿಟ್ಟಿಂಗ್ ಕೋಚ್. ಡಿವಿಷನ್ ಒನ್, ಅಂದರೆ ಕಾಲೇಜು ಕ್ರೀಡೆಯ ಮೇಲಿನ ದರ್ಜೆಯ, ತಂಡಕ್ಕೆ ಆಗ ಒಬ್ಬ ಹೆಡ್ ಕೋಚ್, ಸಂಬಳದ ಇಬ್ಬರು ಸಹಾಯಕರು, ಸಂಬಳವಿಲ್ಲದ ಒಬ್ಬ. ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎ ನಿಯಮವೇ ಹಾಗಿತ್ತು. ಆ ನಾಲ್ಕನೆಯವನು ಎಲ್ಲರಷ್ಟೇ ದುಡಿಯಬೇಕಿತ್ತು, ಆದರೆ ಆಟಗಾರರನ್ನು ಹುಡುಕಿಕೊಂಡು ಹೊರಗೆ ಹೋಗುವಂತಿರಲಿಲ್ಲ. ಹೊಟ್ಟೆಪಾಡಿಗೆ ಬೇಸಿಗೆ ಶಿಬಿರ, ಶಾಲಾ ಮಕ್ಕಳಿಗೆ ಖಾಸಗಿ ಪಾಠ. ಸ್ಟೇಡಿಯಂಗೆ ಕೋಟಿಗಟ್ಟಲೆ ಸುರಿಯುವ ವಿಶ್ವವಿದ್ಯಾಲಯಗಳು ಹೀಗೆ ಮಾಡುತ್ತಿದ್ದವು ಅಂದರೆ ನಾಚಿಕೆಗೇಡು ಅಲ್ವಾ?

2022ರಲ್ಲಿ ಹಳೆಯ ವಾಲಂಟಿಯರ್ ಕೋಚ್‌ಗಳು ಕೋರ್ಟಿಗೆ ಹೋದರು. 2023ರ ಜುಲೈನಿಂದ ಆ ಹುದ್ದೆಯೇ ಇಲ್ಲ, ನಾಲ್ವರಿಗೂ ಸಂಬಳ ಕೊಡಬಹುದು. ಬೇಸ್‌ಬಾಲ್ ಕೋಚ್‌ಗಳ ಕೇಸಿಗೆ ಎನ್‌ಸಿಎಎ ಸುಮಾರು 49 ಮಿಲಿಯನ್ ಡಾಲರ್ ಕೊಡಲು ಒಪ್ಪಿದೆ.

ಇವತ್ತು ಸಂಜೆ ಆ ಹುಡುಗನ ಕಾಲೇಜಿನ ಕೇಜ್‌ಗೆ ಹೋಗಿದ್ದೆ. ಉದ್ದನೆಯ ಬಲೆ ಗೂಡು. ಇಂಗ್ಲಿಷಿನ ಎಲ್ ಆಕಾರದ ಪರದೆ ಹಿಂದೆ ಸ್ಟೂಲ್ ಹಾಕಿಕೊಂಡು ಅವನು ಕೂತಿದ್ದ. ಪಕ್ಕದಲ್ಲಿ ಬಕೆಟ್ ತುಂಬಾ ಚೆಂಡು. ಒಂದೊಂದೇ ತೆಗೆದು ಕೆಳಗೈಯಲ್ಲಿ ಮೆತ್ತಗೆ ಎಸೆಯುತ್ತಾನೆ, ತಕ್ಷಣ ತಲೆ ಒಳಗೆಳೆದುಕೊಳ್ಳುತ್ತಾನೆ. ಎದುರಿನ ಆಟಗಾರ ಹೊಡೆದ ಚೆಂಡು ಠಣ್ ಅಂತ ಪರದೆಗೇ ಬಡಿಯುತ್ತದೆ. ಬಕೆಟ್ ಖಾಲಿಯಾದರೆ ಇಬ್ಬರೂ ಬಗ್ಗಿ ಆಯ್ದು ತುಂಬುತ್ತಾರೆ. ಮತ್ತೆ ಶುರು.

ನಾನು ಬ್ಯಾಟ್ ಬೀಸುವ ರೀತಿ ಕಲಿಸುತ್ತಾನೆ ಅಂದುಕೊಂಡಿದ್ದೆ. ಅದು ಕಮ್ಮಿಯಂತೆ. ಗಂಟೆಗೆ 90 ಮೈಲಿ ವೇಗದ ಚೆಂಡು ಬ್ಯಾಟರ್ ಹತ್ತಿರ ಬರಲು ಸುಮಾರು 0.4 ಸೆಕೆಂಡು ಸಾಕು. ಅಷ್ಟರಲ್ಲಿ ಯೋಚನೆ ಎಲ್ಲಿ ಮಾಡುವುದು? ಹಾಗಾಗಿ ಎದುರಾಳಿ ಪಿಚರ್ (ಚೆಂಡು ಎಸೆಯುವವನು) ಯಾವಾಗ ಏನು ಎಸೆಯುತ್ತಾನೆ ಅಂತ ಹಿಂದಿನ ರಾತ್ರಿಯೇ ವಿಡಿಯೊ ನೋಡಿ, ಯಾವ ಚೆಂಡನ್ನು ಮುಟ್ಟಲೇಬಾರದು ಅಂತ ಹುಡುಗರ ತಲೆಗೆ ತುಂಬುವುದೇ ದೊಡ್ಡ ಕೆಲಸ. ಆಟಗಾರ ಹೊಡೆದರೆ ಆಟಗಾರನ ಕೈಗುಣ. ಹೊಡೆಯದಿದ್ದರೆ ಹಿಟ್ಟಿಂಗ್ ಕೋಚ್ ಏನು ಮಾಡ್ತಿದಾನೆ ಅಂತ ಬೈಗುಳ.

ಎಲಾಂಡರ್‌ಗೆ ಫಲ ಸಿಕ್ಕಿದ್ದು 2024ರಲ್ಲಿ. ಆ ವರ್ಷ ಟೆನೆಸ್ಸೀ 184 ಹೋಮ್ ರನ್ (ನಮ್ಮ ಸಿಕ್ಸರ್‌ನ ಹಾಗೆ) ಹೊಡೆಯಿತು. ಕಾಲೇಜು ದಾಖಲೆ 1997ರ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) ತಂಡದ 188. ನಮ್ಮ ಆಟಗಾರ ಕ್ರಿಶ್ಚಿಯನ್ ಮೂರ್ ಒಬ್ಬನೇ 34. ಒಮಾಹಾದಲ್ಲಿ ಕಾಲೇಜು ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ ತಂಡವನ್ನು ಸೋಲಿಸಿ ಕಪ್ ಎತ್ತಿದ ರಾತ್ರಿ ನಮ್ಮ ಬೀದಿಯಲ್ಲಿ ಯಾರೂ ಮಲಗಲಿಲ್ಲ. ಬೇಸ್‌ಬಾಲ್ ಅಂದರೆ ಆಕಳಿಸುತ್ತಿದ್ದ ನಾನೂ ಸೇರಿ.

ವಾಪಸ್ ಬರುವಾಗ ಹುಡುಗನಿಗೆ ನಮ್ಮ ಕುಮಟಾದ ರಘು ಬಗ್ಗೆ ಹೇಳಿದೆ. ಇಂಡಿಯಾ ಕ್ರಿಕೆಟ್ ಟೀಮಿಗೆ ನೆಟ್ಸ್‌ನಲ್ಲಿ ಥ್ರೋಡೌನ್ ಕೊಡುವ, ಅಂದರೆ ಅಭ್ಯಾಸಕ್ಕೆ ಚೆಂಡು ಎಸೆಯುವ ರಾಘವೇಂದ್ರ. ಅವರೂ ಹಣವಿಲ್ಲದೆ ವರ್ಷಗಟ್ಟಲೆ ಕೆಲಸ ಮಾಡಿದ್ದರು ಅಂತ ಓದಿದ್ದೆ. ಕಾರು ನಿಲ್ಲಿಸಿಯೇ ಫೋನಿನಲ್ಲಿ ವಿಡಿಯೊ ನೋಡಿದ. ಅವನ ಕಣ್ಣು ರಘು ಮೇಲಲ್ಲ, ಕೈಯಲ್ಲಿದ್ದ ಸೈಡ್‌ಆರ್ಮ್ ಮೇಲೆ. ಉದ್ದ ಹಿಡಿ, ತುದಿಯಲ್ಲಿ ಚೆಂಡು ಕೂರುವ ಬಟ್ಟಲು, ಅದರಲ್ಲಿ ಬೀಸಿದರೆ ಭುಜಕ್ಕೆ ಕಷ್ಟವಿಲ್ಲದೆ ವೇಗ.

“ಇದು ನಂಗೊಂದು ಬೇಕು” ಅಂದ. ಬೆಂಗಳೂರಿಂದ ಯಾರಾದರೂ ಬರುವಾಗ ತರಿಸಿಕೊಡಬೇಕಂತೆ. ಬೇಸ್‌ಬಾಲ್ ಕ್ರಿಕೆಟ್ ಚೆಂಡಿಗಿಂತ ಒಂಚೂರು ದಪ್ಪ, ಕೂರುತ್ತೋ ಇಲ್ವೋ ಅಂದೆ. ಕೇಳಲಿಲ್ಲ. ಡಿಸೆಂಬರಿನಲ್ಲಿ ಅತ್ತಿಗೆ ಬರ್ತಿದಾರೆ, ಅವರ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ, ಚಟ್ನಿಪುಡಿ ಜೊತೆ ಇದಕ್ಕೂ ಜಾಗ ಕೇಳಬೇಕು.